ಕೃಷಿ ಕಾರ್ಮಿಕರ ಕೂಲಿ ಲೆಕ್ಕ: ರೈತರು ತಿಳಿದಿರಬೇಕಾದ ವಿಷಯಗಳು

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಬೇಸಾಯಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಬೇಸಾಯಶಾಸ್ತ್ರದವರು ಮಾತನಾಡಲು ನಿಂತರೆ ಬಿತ್ತನೆಯ ಕಾಲ, ಸಾಲಿನ ಅಂತರ, ಎಕರೆಗೆ ಇಷ್ಟು ಯೂರಿಯಾ, ಇಷ್ಟು ಪೊಟ್ಯಾಷ್ ಎಂದು ಹೇಳುವುದು ವಾಡಿಕೆ. ಈ ದಿನ ನನಗೆ ಕೊಟ್ಟಿರುವ ವಿಷಯ ಬೇರೆ. ಆಳುಕಾಳಿನ ಕೂಲಿ, ಅದರ ಲೆಕ್ಕ, ಅದಕ್ಕೆ ಸಂಬಂಧಪಟ್ಟ ಕಾಯಿದೆ. ಇದು ವಕೀಲರು ಹೇಳಬೇಕಾದ ವಿಷಯವಲ್ಲವೇ ಎಂದು ಬೆಳಿಗ್ಗೆ ಚಹಾ ಕುಡಿಯುವಾಗ ಒಬ್ಬರು ಕೇಳಿದರು. ಕೋರ್ಟಿಗೆ ಹೋದ ಮೇಲೆ ವಕೀಲರು ಹೇಳುತ್ತಾರೆ. ಅದಕ್ಕೆ ಮೊದಲು ಹೊಲದ ಬದುವಿನ ಮೇಲೆ ಹೇಳುವವರು ಯಾರಾದರೂ ಬೇಕಲ್ಲ.

ಮೊದಲಿಗೆ ಒಂದು ಪ್ರಶ್ನೆ. ಕಳೆದ ಮುಂಗಾರಿನಲ್ಲಿ ನಿಮ್ಮ ರಾಗಿಗೋ ಭತ್ತಕ್ಕೋ ಎಷ್ಟು ಮೂಟೆ ಗೊಬ್ಬರ ಹಾಕಿದಿರಿ? ಎಲ್ಲರೂ ಹೇಳಬಲ್ಲಿರಿ. ಎಷ್ಟು ಆಳು ದುಡಿದವು? ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು, ಒಟ್ಟು ಕೂಲಿ ಎಷ್ಟು ಹೋಯಿತು? ನಾಲ್ಕೈದು ಕೈಗಳು ಮಾತ್ರ ಮೇಲೆ ಬಂದಿವೆ. ಗೊಬ್ಬರದಂಗಡಿಯವನು ರಸೀದಿ ಕೊಡುತ್ತಾನೆ, ಆದ್ದರಿಂದ ಅದು ನೆನಪಿರುತ್ತದೆ. ಕೂಲಿ ಮಾತ್ರ ಜೇಬಿನಿಂದ ನೇರವಾಗಿ ಹೋಗುತ್ತದೆ, ಲೆಕ್ಕ ತಲೆಯಲ್ಲಿ ಉಳಿಯುತ್ತದೆ, ಕ್ರಮೇಣ ತಲೆಯಿಂದಲೂ ಹೋಗುತ್ತದೆ. ನಾಟಿ, ಕಳೆ, ಕಟಾವು, ಒಕ್ಕಣೆ ಎಲ್ಲವನ್ನೂ ಕೂಲಿಯಿಂದಲೇ ಮಾಡಿಸುವ ಮನೆಯಲ್ಲಿ ಬೇಸಾಯದ ಖರ್ಚಿನ ಅತಿ ದೊಡ್ಡ ಬಾಬತ್ತು ಇದೇ. ಅದಕ್ಕೇ ಲೆಕ್ಕವಿಲ್ಲ!

ಒಂದು ದಿನಕ್ಕೆ ಒಬ್ಬ ಆಳನ್ನು ಕರೆದು ಕೂಲಿ ಕೊಟ್ಟರೂ ಕಾಯಿದೆಯ ಕಣ್ಣಿನಲ್ಲಿ ರೈತನು ಮಾಲೀಕನೇ. ಕಾರ್ಖಾನೆಯವರಿಗೆ ಮಾತ್ರ ಕಾರ್ಮಿಕ ಕಾಯಿದೆ, ನಮಗಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. 1948ರ ಕನಿಷ್ಠ ಕೂಲಿ ಕಾಯಿದೆಯ ಅನುಸೂಚಿಯಲ್ಲಿಯೇ ವ್ಯವಸಾಯಕ್ಕೆ ಪ್ರತ್ಯೇಕ ಭಾಗವಿತ್ತು. ಉಳುವುದು, ಬಿತ್ತುವುದು, ಕಟಾವು, ಹೈನುಗಾರಿಕೆ, ಕೋಳಿ ಸಾಕಣೆ, ಫಸಲನ್ನು ಪೇಟೆಗೆ ಸಾಗಿಸುವುದು ಕೂಡ ಅದರಲ್ಲಿ ಸೇರಿತ್ತು. ಅಂದರೆ ಇದು ನೆನ್ನೆ ಮೊನ್ನೆ ಬಂದ ಕಟ್ಟಳೆಯಲ್ಲ.

ಈಗ ಆ ಕಾಯಿದೆಯ ಜಾಗದಲ್ಲಿ 2019ರ ವೇತನ ಸಂಹಿತೆ ಬಂದಿದೆ. ಕನಿಷ್ಠ ಕೂಲಿ ಕಾಯಿದೆ, 1936ರ ವೇತನ ಪಾವತಿ ಕಾಯಿದೆ, 1965ರ ಬೋನಸ್ ಕಾಯಿದೆ, 1976ರ ಸಮಾನ ವೇತನ ಕಾಯಿದೆ, ಈ ನಾಲ್ಕನ್ನೂ ಒಂದುಗೂಡಿಸಿದ ಈ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಗಿದೆ. ಕೃಷಿ ಕಾರ್ಮಿಕರ ಕನಿಷ್ಠ ದರವನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ನಮ್ಮ ರಾಜ್ಯದಲ್ಲಿ ಮೂಲ ದರದ ಮೇಲೆ ತುಟ್ಟಿಭತ್ಯೆ ಸೇರಿಸಿ ಪ್ರತಿ ಏಪ್ರಿಲ್ ಒಂದರಿಂದ ಹೊಸ ದರ ಬರುವ ಪದ್ಧತಿ ನಡೆದುಬಂದಿದೆ. ಇಲ್ಲಿ ನಾನು ಅಂಕಿ ಹೇಳುವುದಿಲ್ಲ. ನಾನು ಹೇಳಿದ ಅಂಕಿಯನ್ನೇ ನೀವು ಮೂರು ವರ್ಷ ಹಿಡಿದುಕೊಂಡಿರುತ್ತೀರಿ ಎಂಬ ಭಯ. ಏಪ್ರಿಲ್ ತಿಂಗಳಲ್ಲಿ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಛೇರಿಯಲ್ಲಿ ವಿಚಾರಿಸಿ, ದರವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ವಿಸ್ತರಣಾ ಕಾರ್ಯಕರ್ತರು ಬಿತ್ತನೆ ಬೀಜದ ದರಪಟ್ಟಿಯ ಪಕ್ಕದಲ್ಲಿ ಇದನ್ನೂ ಅಂಟಿಸಿದರೆ ಬಹಳ ಉಪಕಾರವಾದೀತು.

ಸುಗ್ಗಿಯ ಕಾಲದಲ್ಲಿ ಆಳು ಸಿಗದೆ ಸರ್ಕಾರದ ದರಕ್ಕಿಂತ ಹೆಚ್ಚು ಕೊಡುವವರೇ ಇಲ್ಲಿ ಅನೇಕರಿದ್ದೀರಿ. ನಿಮಗೆ ಗಂಡಾಳಿನ ದಿನಗೂಲಿಯಲ್ಲಿ ತೊಂದರೆ ಬರುವುದು ಕಡಿಮೆ. ತೊಂದರೆ ಬರುವುದು ಹೆಣ್ಣಾಳಿನ ಕೂಲಿಯಲ್ಲಿ, ಗುತ್ತಿಗೆ ಕೆಲಸದಲ್ಲಿ, ವರ್ಷದ ಸಂಬಳದಾಳಿನಲ್ಲಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮುಂಗಡದಲ್ಲಿ.

ಮುಂಗಡ ಎಂಬ ಗಂಟು

ಈ ವಿಷಯವನ್ನು ನನ್ನ ಮನೆಯಿಂದಲೇ ಆರಂಭಿಸುತ್ತೇನೆ. 2004ರಲ್ಲಿ ನಾನು ಸ್ನಾತಕೋತ್ತರ ವಿದ್ಯಾರ್ಥಿ. ಊರಿನಲ್ಲಿ ನಮ್ಮ ತಂದೆಯವರಿಗೆ ನಾಲ್ಕು ಎಕರೆ ಜಮೀನು, ಒಂದು ಜೊತೆ ಎತ್ತು, ಮೂರು ಹಸು. ಒಬ್ಬ ಸಂಬಳದಾಳು ಇದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ನನಗೆ ಈಜು ಕಲಿಸಿದವನು. ವರ್ಷಕ್ಕೆ 14,400 ರೂಪಾಯಿ ಸಂಬಳ, ಎರಡು ಹೊತ್ತಿನ ಊಟ, ಯುಗಾದಿಗೆ ಒಂದು ಜೊತೆ ಬಟ್ಟೆ. ತಂಗಿಯ ಮದುವೆಗೆಂದು ಅವನು ಹಿಂದೆ ಯಾವಾಗಲೋ ಮುಂಗಡ ಪಡೆದಿದ್ದ. ಪ್ರತಿ ಯುಗಾದಿಗೂ ಲೆಕ್ಕ ನೋಡುವುದು, ಸ್ವಲ್ಪ ಮುರಿದುಕೊಳ್ಳುವುದು, ಮತ್ತೆ ಆಸ್ಪತ್ರೆಗೆಂದೋ ಹಬ್ಬಕ್ಕೆಂದೋ ಕೊಡುವುದು. ಆ ವರ್ಷ ಪುಸ್ತಕದಲ್ಲಿ ಅವನ ಬಾಕಿ 8,000 ರೂಪಾಯಿ ಎಂದಿತ್ತು.

ನಾನು ಆಗ ಬೆಳೆ ಆರ್ಥಿಕತೆಯ ಒಂದು ಪಾಠಕ್ಕಾಗಿ ನಮ್ಮ ಜಮೀನಿನ ಉತ್ಪಾದನಾ ವೆಚ್ಚದ ಲೆಕ್ಕ ಹಾಕುತ್ತಿದ್ದೆ. ಸಂಬಳದಾಳಿನ ದುಡಿಮೆಯನ್ನು ದಿನಗೂಲಿಯ ದರದಲ್ಲಿ ಹಿಡಿಯಬೇಕಾಗಿತ್ತು. ನಮ್ಮ ಊರಿನಲ್ಲಿ ಗಂಡಾಳಿಗೆ ಆಗ 60 ರೂಪಾಯಿ ನಡೆಯುತ್ತಿತ್ತು. ವರ್ಷಕ್ಕೆ 330 ದಿನ ದುಡಿದರೆ 19,800 ರೂಪಾಯಿ. ಊಟಕ್ಕೆ ದಿನಕ್ಕೆ 10 ರೂಪಾಯಿಯಂತೆ 3,300 ಕಳೆದರೆ 16,500. ನಾವು ಕೊಡುತ್ತಿದ್ದುದು 14,400. ವರ್ಷಕ್ಕೆ 2,100 ರೂಪಾಯಿ ಕಡಿಮೆ. ಹಿಂದಿನ ನಾಲ್ಕು ವರ್ಷ ಕೂಲಿ ದರ ಹೆಚ್ಚೇನೂ ಬದಲಾಗಿರಲಿಲ್ಲ. ನಾಲ್ಕು ವರ್ಷಕ್ಕೆ 8,400 ಆಯಿತು. ಬಾಕಿ 8,000 ಎಂದು ಬರೆದಿರುವ ಪುಸ್ತಕ ನನ್ನ ಮುಂದೆಯೇ ಇತ್ತು.

ತಂದೆಯವರಿಗೆ ತೋರಿಸಿದೆ. ಅವರು ಹಟಮಾರಿಗಳಲ್ಲ, ಆದರೆ ಲೆಕ್ಕದಲ್ಲಿ ಬಿಗಿ. ಬಟ್ಟೆ ಎಲ್ಲಿ ಹೋಯಿತು ಎಂದರು. ನ್ಯಾಯವಾದ ಪ್ರಶ್ನೆಯೇ. ವರ್ಷಕ್ಕೆ 300 ರೂಪಾಯಿಯಂತೆ 1,200 ಹಿಡಿದೆ. ಹಾಗಾದರೆ ಅವನಿಂದ ಇನ್ನೂ 800 ರೂಪಾಯಿ ಬರಬೇಕು ಎಂದು ಅವರು ಪುಸ್ತಕ ಮುಚ್ಚಲು ಹೋದರು. ಆಗ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿಯವರು ಒಂದು ಮಾತು ಹೇಳಿದರು: ಅವನ ಹೆಂಡತಿ ದಿನಾ ಬೆಳಿಗ್ಗೆ ಬಂದು ಕೊಟ್ಟಿಗೆ ಬಾಚಿ ಹೋಗುತ್ತಾಳಲ್ಲ, ಅದನ್ನು ಯಾರ ಲೆಕ್ಕಕ್ಕೆ ಬರೆದಿದ್ದೀರಿ?

ಯಾರ ಲೆಕ್ಕಕ್ಕೂ ಬರೆದಿರಲಿಲ್ಲ. ಒಂದೂವರೆ ಗಂಟೆಯ ಕೆಲಸ. ಒಂದು ಚೆಂಬು ಮಜ್ಜಿಗೆ ತೆಗೆದುಕೊಂಡು ಹೋಗುತ್ತಿದ್ದಳು. ದಿನಕ್ಕೆ 5 ರೂಪಾಯಿ ಹಿಡಿದರೂ ವರ್ಷಕ್ಕೆ 1,650, ನಾಲ್ಕು ವರ್ಷಕ್ಕೆ 6,600. ನಮಗೆ ಬರಬೇಕಾದ 800 ಕಳೆದರೆ ನಾವೇ ಆ ಮನೆಗೆ 5,800 ರೂಪಾಯಿ ಕೊಡಬೇಕಾಗಿತ್ತು. ಬಾಕಿ ಇದೆ ಎಂಬ ಕಾರಣಕ್ಕೆ ಬೇರೆಡೆಗೆ ಕೆಲಸಕ್ಕೆ ಹೋಗದೆ ಕುಳಿತಿದ್ದವನು ಅವನು.

ತಂದೆಯವರು ನನ್ನೊಡನೆ ಒಂದು ವಾರ ಸರಿಯಾಗಿ ಮಾತನಾಡಲಿಲ್ಲ. ಯುಗಾದಿಯ ದಿನ ಅವನನ್ನು ಕೂರಿಸಿಕೊಂಡು ಆ ಪುಟಕ್ಕೆ ಅಡ್ಡಗೆರೆ ಎಳೆದು, ಚುಕ್ತಾ ಎಂದು ಬರೆದು, ಸಹಿ ಹಾಕಿದರು. 5,800 ಕೊಟ್ಟರೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಚೀಲ ರಾಗಿ ಕೊಟ್ಟರು. ಆರು ತಿಂಗಳೊಳಗೆ ಅವನು ಹೆಂಡತಿ ಮಕ್ಕಳೊಡನೆ ಬೆಂಗಳೂರಿಗೆ ಹೊರಟುಹೋದ. ಲೆಕ್ಕ ಓದಿದ ಮಗನಿಂದ ಆಳು ಹೋಯಿತು ಎಂದು ತಂದೆಯವರು ಬಹಳ ದಿನ ಅನ್ನುತ್ತಿದ್ದರು.

ಇದನ್ನೇಕೆ ಇಷ್ಟು ವಿವರವಾಗಿ ಹೇಳಿದೆನೆಂದರೆ, ಜೀತ ಎಂದ ಕೂಡಲೇ ಸಂಕೋಲೆ ಹಾಕಿದ ಮನುಷ್ಯನ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಕಾಯಿದೆ ಹೇಳುವುದು ಹಾಗಲ್ಲ. ಜೀತ ಕಾರ್ಮಿಕ ಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆಯ ಪ್ರಕಾರ ಮುಂಗಡಕ್ಕೆ ಬದಲಾಗಿ ಕೂಲಿಯಿಲ್ಲದೆಯೋ ನಾಮಮಾತ್ರ ಕೂಲಿಗೋ ದುಡಿಯುವುದು, ಮುಂಗಡ ತೀರುವ ತನಕ ಬೇರೆಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಳ್ಳುವುದು ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟರೆ ಅದೇ ನಾಮಮಾತ್ರ ಕೂಲಿ. ಅಂತಹ ಸಾಲ ಕಾನೂನಿನ ಮುಂದೆ ಸಾಲವೇ ಅಲ್ಲ, ಅದು ತಾನಾಗಿ ರದ್ದಾಗಿರುತ್ತದೆ. ಅದು ಜೀತದ ಸಾಲವಲ್ಲ ಎಂದು ರುಜುವಾತು ಪಡಿಸುವ ಹೊಣೆ ಸಾಲ ಕೊಟ್ಟವನದು. ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆ ಎಂದು ತೀರ್ಪು ನೀಡಿತು. ನಮ್ಮ ತಂದೆಯವರಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಕಾಯಿದೆಯ ಮುಂದೆ ನಡೆಯುವ ಮಾತಲ್ಲ.

ಹಾಗಾದರೆ ಮುಂಗಡ ಕೊಡಲೇಬಾರದೇ? ಕೊಡಬಹುದು. ಕಷ್ಟಕ್ಕೆ ಬಂದು ನಿಂತವರನ್ನು ಬರಿಗೈಯಲ್ಲಿ ಕಳಿಸಿ ಎಂದು ನಾನು ಹೇಳುವವನಲ್ಲ. ಕೂಲಿಯನ್ನು ಪೂರ್ತಿ ದರದಲ್ಲಿ ಲೆಕ್ಕ ಹಾಕಿ, ಅದರಲ್ಲಿ ಮುಂಗಡಕ್ಕೆ ಎಷ್ಟು ಮುರಿದುಕೊಂಡಿರೆಂದು ಪ್ರತಿ ಸಲ ಬರೆದು ತೋರಿಸಬೇಕು. ವೇತನ ಸಂಹಿತೆಯಂತೆ ಎಲ್ಲ ಬಗೆಯ ಕಡಿತವೂ ಸೇರಿ ಕೂಲಿಯ ಅರ್ಧವನ್ನು ಮೀರುವಂತಿಲ್ಲ. ನನ್ನ ಸಲಹೆ ಕಾಲುಭಾಗ ಸಾಕು ಎಂಬುದು. ಬಾಕಿ ಇದ್ದಾಗಲೂ ಅವನು ಬೇರೆಯವರ ಹೊಲಕ್ಕೆ ಹೋಗುವೆನೆಂದರೆ ತಡೆಯಕೂಡದು. ಸಾಲ ಬೇರೆ, ದುಡಿಮೆ ಬೇರೆ. ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಾಗಲೇ ಗಂಟು ಬೀಳುವುದು.

ಹೆಣ್ಣಾಳು, ಗುತ್ತಿಗೆ, ಮಳೆಯ ದಿನ

ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದದಿಂದ ಬೇರೆ ಬೇರೆ ಕೂಲಿ ಕೊಡಕೂಡದೆಂದು 1976ರಿಂದಲೂ ಕಾಯಿದೆ ಇದೆ. ಈಗಿನ ಸಂಹಿತೆಯಲ್ಲೂ ಅದೇ ನಿಷೇಧವಿದೆ. ನಮ್ಮ ಉತ್ತರ ಸಿದ್ಧವಾಗಿರುತ್ತದೆ: ಗಂಡಸರು ಮಾಡುವ ಕೆಲಸ ಬೇರೆ, ಹೆಂಗಸರು ಮಾಡುವ ಕೆಲಸ ಬೇರೆ ಎಂದು. ನೇಗಿಲು ಹೂಡುವುದಕ್ಕೂ ಕಳೆ ಕೀಳುವುದಕ್ಕೂ ವ್ಯತ್ಯಾಸವಿದೆ, ನಿಜ. ಆದರೆ ರಾಗಿ ಕೊಯ್ಲಿನಲ್ಲಿ, ಜೋಳದ ತೆನೆ ಮುರಿಯುವಲ್ಲಿ, ಟೊಮ್ಯಾಟೊ ಬಿಡಿಸುವಲ್ಲಿ ಇಬ್ಬರೂ ಒಂದೇ ಸಾಲು ಹಿಡಿದು ನಡೆಯುತ್ತಾರೆ. ಸಂಜೆ ಬಟವಾಡೆ ಮಾಡುವಾಗ ಮಾತ್ರ ಸಾಲು ಬೇರೆಯಾಗುತ್ತದೆ. ಟೊಮ್ಯಾಟೊ ಬಿಡಿಸಿದ ಕ್ರೇಟುಗಳನ್ನು ಎಣಿಸಿ ನೋಡಿದವರು ಇಲ್ಲಿ ಯಾರಾದರೂ ಇದ್ದರೆ, ಯಾರು ಹೆಚ್ಚು ಬಿಡಿಸುತ್ತಾರೆಂಬುದನ್ನು ಅವರೇ ಹೇಳಲಿ. ಮತ್ತೊಂದು ವಿಷಯ. ಈಗ ಫೋನಿನ ಮೂಲಕ ಕೂಲಿ ಕಳಿಸುವುದು ಹೆಚ್ಚಾಗಿದೆ. ಅದು ಒಳ್ಳೆಯದು, ದಾಖಲೆ ತಾನಾಗಿ ಉಳಿಯುತ್ತದೆ. ಆದರೆ ಹೆಂಡತಿ ದುಡಿದ ಕೂಲಿಯನ್ನು ಗಂಡನ ಖಾತೆಗೆ ಹಾಕಿದರೆ ನೀವು ಅವಳಿಗೆ ಕೂಲಿ ಕೊಟ್ಟಂತಾಗುವುದಿಲ್ಲ. ಅವಳ ಖಾತೆಗೆ ಹಾಕಿ, ಇಲ್ಲವೇ ಅವಳ ಕೈಗೆ ಕೊಡಿ.

ಗುತ್ತಿಗೆ ಕೆಲಸದಲ್ಲಿ ಕಾಯಿದೆಯ ಚಿಂತೆ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಒಂದು ಎಕರೆ ಭತ್ತದ ನಾಟಿಯನ್ನು 4,500 ರೂಪಾಯಿಗೆ ಮಾತನಾಡಿದಿರಿ ಎಂದು ಇಟ್ಟುಕೊಳ್ಳೋಣ. ಗದ್ದೆ ಚೆನ್ನಾಗಿ ಕೆಸರಾಗಿ, ಸಸಿ ಹದವಾಗಿದ್ದು, 12 ಹೆಂಗಸರು ಒಂದು ದಿನದಲ್ಲಿ ಮುಗಿಸಿದರೆ ತಲೆಗೆ 375 ರೂಪಾಯಿ ಬೀಳುತ್ತದೆ. ಅದೇ ಗದ್ದೆಯಲ್ಲಿ ನೀರು ಸಾಲದೆ, ಮಟ್ಟ ಸರಿಯಿಲ್ಲದೆ 16 ಜನ ಬೇಕಾದರೆ 281 ರೂಪಾಯಿ ಚಿಲ್ಲರೆ. ಮೇಸ್ತ್ರಿ ತನ್ನ ಪಾಲೆಂದು 300 ರೂಪಾಯಿ ಎತ್ತಿಕೊಂಡರೆ 262 ರೂಪಾಯಿ 50 ಪೈಸೆಗೆ ಇಳಿಯುತ್ತದೆ. ಗದ್ದೆ ಸಿದ್ಧ ಮಾಡಿದ್ದು ನೀವು, ಆದ ನಷ್ಟ ಅವರಿಗೆ! ದಿನಗೂಲಿಗೆ ಕನಿಷ್ಠ ದರ ಗೊತ್ತಾಗಿದ್ದು ಗುತ್ತಿಗೆಗೆ ಬೇರೆ ದರ ಗೊತ್ತಾಗಿರದಿದ್ದರೆ, ಗುತ್ತಿಗೆಯಲ್ಲಿ ದುಡಿದವರಿಗೂ ಆ ದಿನಗೂಲಿಗಿಂತ ಕಡಿಮೆ ಬೀಳಕೂಡದೆಂಬುದು ನಿಯಮ. ಆದ್ದರಿಂದ ಗುತ್ತಿಗೆ ಮಾತನಾಡುವಾಗಲೇ ತಲೆ ಎಣಿಸಿ ಭಾಗಿಸಿ ನೋಡಿ. ಮೇಸ್ತ್ರಿಗೆ ಕೊಡುವುದನ್ನು ಬೇರೆಯಾಗಿಯೇ ಕೊಡಿ.

ಮಳೆ ಬಂದು ಮಧ್ಯಾಹ್ನಕ್ಕೇ ಕೆಲಸ ನಿಂತರೆ ಅರ್ಧ ಕೂಲಿ ಕೊಡುವ ಪದ್ಧತಿ ಎಲ್ಲ ಕಡೆ ಇದೆ. ಸಂಹಿತೆಯ ಮಾತು ಬೇರೆ. ದಿನಕ್ಕೆಂದು ಕರೆಸಿಕೊಂಡ ಕಾರ್ಮಿಕನು ತನ್ನ ಮನಸ್ಸಿಲ್ಲದೆ ಕೆಲಸ ಬಿಟ್ಟಿದ್ದರೆ ಹೊರತು, ಪೂರ್ತಿ ದಿನದ ಕೂಲಿಗೆ ಅರ್ಹನು. ಇದು ಕೇಳಲು ಕಷ್ಟವೆಂದು ನನಗೂ ಗೊತ್ತು. ಅಂತಹ ದಿನಗಳಿಗಾಗಿ ಚಾವಣಿಯ ಕೆಳಗಿನ ಕೆಲಸ ಒಂದಷ್ಟನ್ನು ಉಳಿಸಿಟ್ಟುಕೊಳ್ಳುವುದು ಜಾಣತನ. ಬೀಜ ಆರಿಸುವುದು, ಶೇಂಗಾ ಸುಲಿಯುವುದು, ಚೀಲ ಹೊಲಿಯುವುದು, ಕುಡುಗೋಲು ಮಸೆಯುವುದು.

ಕೂಲಿ ಕೊಡುವ ಕಾಲಕ್ಕೂ ಗಡುವಿದೆ. ದಿನಗೂಲಿಯನ್ನು ಆ ದಿನದ ಕೆಲಸ ಮುಗಿದ ಕೂಡಲೇ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನದಂದು, ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ತಾರೀಖು ಮುಗಿಯುವುದರೊಳಗೆ ಕೊಡತಕ್ಕದ್ದು. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಕಬ್ಬಿನ ಹಣ ಬರಲಿ, ಕೊಡುತ್ತೇನೆ ಎಂಬ ಮಾತಿಗೆ ಇಲ್ಲಿ ಆಸ್ಪದವಿಲ್ಲ. ಕಾಳು, ಊಟ ಮುಂತಾದ ವಸ್ತುರೂಪದ ಕೂಲಿಯನ್ನು ಒಟ್ಟು ಕೂಲಿಯ ನೂರಕ್ಕೆ 15ರಷ್ಟು ಮಾತ್ರ ವೇತನವೆಂದು ಪರಿಗಣಿಸಲಾಗುತ್ತದೆ. ಉಳಿದದ್ದು ನಗದಾಗಿ ಅಥವಾ ಬ್ಯಾಂಕಿನ ಮೂಲಕವೇ ಹೋಗಬೇಕು. ನಮ್ಮ ಮನೆಯ 2004ರ ಲೆಕ್ಕವನ್ನು ಈ ಅಳತೆಯಲ್ಲಿ ಮತ್ತೆ ಹಾಕಿದರೆ ಊಟ ಬಟ್ಟೆ ಸೇರಿ ವರ್ಷಕ್ಕೆ 3,600 ಹಿಡಿದದ್ದು ಹೆಚ್ಚಾಗಿಯೇ ಕಾಣುತ್ತದೆ. 19,800ಕ್ಕೆ ನೂರಕ್ಕೆ 15 ಎಂದರೆ 2,970 ಮಾತ್ರ.

ಮಕ್ಕಳ ವಿಷಯ ಒಂದೇ ಮಾತು. 14 ವರ್ಷ ತುಂಬದ ಮಗುವನ್ನು ಯಾವ ಕೂಲಿ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 2016ರ ತಿದ್ದುಪಡಿಯ ಮೇಲೆ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾಯಿಯ ಜೊತೆಗೆ ಬಂದಿತು, ನಾನು ಕರೆದಿರಲಿಲ್ಲ ಎಂದು ಹೇಳುವವರು ಹತ್ತಿ ಬಿಡಿಸುವಾಗ ಆ ಮಗುವಿನ ಮಡಿಲನ್ನೂ ತೂಕಕ್ಕೆ ಹಾಕಬಾರದಾಗಿತ್ತು.

ಯಂತ್ರ, ಔಷಧಿ, ಅಪಘಾತ

ಹಿಂದೆ ಹೊಲದಲ್ಲಿ ಆಗುತ್ತಿದ್ದ ಗಾಯ ಕುಡುಗೋಲಿನದು. ಈಗ ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್, ವಿದ್ಯುತ್ ಪಂಪು. ಗಾಯವಲ್ಲ, ಅಂಗವೇ ಹೋಗುತ್ತದೆ. ಟ್ರ್ಯಾಕ್ಟರ್ ಅಥವಾ ಯಂತ್ರಶಕ್ತಿ, ವಿದ್ಯುಚ್ಛಕ್ತಿಯಿಂದ ನಡೆಯುವ ಸಾಧನಗಳಿಂದ ಬೇಸಾಯ ಮಾಡುವಲ್ಲಿ ದುಡಿಯುವವರು 1923ರ ಪರಿಹಾರ ಕಾಯಿದೆಯ ವ್ಯಾಪ್ತಿಗೆ ಸೇರಿದ್ದರು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಸಾವು ಸಂಭವಿಸಿದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸುತ್ತಾರೆ. 40 ವರ್ಷದವನಿಗೆ ಆ ಅಂಶ 184.17. ತಿಂಗಳಿಗೆ 15,000 ರೂಪಾಯಿ ವೇತನವೆಂದು ಹಿಡಿದರೆ ಅರ್ಧ 7,500, ಗುಣಿಸಿದರೆ 13,81,275 ರೂಪಾಯಿ. ಇದು ಮಾಲೀಕನ ಹೊಣೆ. ಇಲ್ಲಿ ಕುಳಿತಿರುವ ಯಾವ ಸಣ್ಣ ರೈತನೂ ಜಮೀನು ಮಾರದೆ ಇಷ್ಟು ಹಣ ಕೊಡಲಾರ.

ನನಗೆ ಪರಿಚಯವಿರುವ ಒಬ್ಬ ರೈತರು. ಮುಸುಕಿನ ಜೋಳದ ಒಕ್ಕಣೆಯಲ್ಲಿ ಒಬ್ಬ ಆಳಿನ ಬಲಗೈಯ ಮೂರು ಬೆರಳು ಹೋದವು. ರೈತರು ಒಳ್ಳೆಯವರು. ಆಸ್ಪತ್ರೆಗೆ ಸೇರಿಸಿ, ಎರಡು ತಿಂಗಳು ಮನೆಗೆ ದಿನಸಿ ಕಳಿಸಿ, ಕೈಗೆ ಹಣವನ್ನೂ ಕೊಟ್ಟರು. ಒಂದಕ್ಕೂ ಚೀಟಿಯಿಲ್ಲ. ಒಂದೂವರೆ ವರ್ಷದ ನಂತರ ಪರಿಹಾರದ ಅರ್ಜಿ ಬಂದಾಗ ತಾನು ಕೊಟ್ಟದ್ದನ್ನು ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಊರಿನವರು ಆಳನ್ನು ಬೈದರು. ನಾನು ಬೈಯಲಾರೆ. ಮೂರು ಬೆರಳಿಲ್ಲದ ಬಲಗೈಗೆ ಯಾರು ಕೆಲಸ ಕೊಡುತ್ತಾರೆ? ಅವನು ಕೇಳಿದ್ದು ಕಾಯಿದೆ ಅವನಿಗೆ ಕೊಟ್ಟಿದ್ದ ಹಕ್ಕು.

ಒಕ್ಕಣೆ ಯಂತ್ರ ಬಾಡಿಗೆಗೆ ತರುವಾಗ ಹುಲ್ಲು ಉಣಿಸುವ ದೋಣಿಯನ್ನು ಅಳೆದು ನೋಡಿ. ಅದು ಕನಿಷ್ಠ 90 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು. ಕೈ ಉರುಳೆಯ ತನಕ ತಲುಪದಿರಲೆಂದೇ ಈ ಅಳತೆ. ಇಂತಹ ಯಂತ್ರಗಳಿಗಾಗಿಯೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂದಿತು. ಸೀರೆಯ ಸೆರಗು, ಹೆಗಲ ಮೇಲಿನ ಟವಲು, ಕೈಯ ಬಳೆ ಇವುಗಳೊಡನೆ ಯಂತ್ರದ ಬಳಿ ನಿಲ್ಲಗೊಡಬೇಡಿ. ರಾತ್ರಿ ಹತ್ತರ ಮೇಲೆ ಒಕ್ಕಣೆ ನಡೆಸಬೇಡಿ, ನಿದ್ದೆಗಣ್ಣಿನ ಆಳಿಗೆ ಯಂತ್ರದ ವೇಗ ತಿಳಿಯುವುದಿಲ್ಲ. ಇನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಇಪ್ಪತ್ತು ಮೂವತ್ತು ಹೆಂಗಸರನ್ನು ನಿಲ್ಲಿಸಿಕೊಂಡು ನಾಟಿಗೆ ಕರೆದೊಯ್ಯುವುದು. ಟ್ರೈಲರು ಸರಕಿಗಾಗಿ ಇರುವುದು. ಅದು ಮಗುಚಿದ ದಿನ ವಿಮಾ ಕಂಪನಿ ಮೊದಲು ಎತ್ತುವ ತಕರಾರೇ ಇದು.

ಔಷಧಿ ಸಿಂಪರಣೆಗೆ 18 ವರ್ಷ ತುಂಬದವರನ್ನೂ ಬಸುರಿ ಬಾಣಂತಿಯರನ್ನೂ ಹಚ್ಚಬೇಡಿ. ಬರಿಹೊಟ್ಟೆಯಲ್ಲಿ ಬಂದವನಿಗೆ ಮೊದಲು ಊಟ ಹಾಕಿ. ಕೈಗವಸು, ಮುಖಕ್ಕೆ ಮರೆ, ಸಾಬೂನು, ಎರಡು ಬಿಂದಿಗೆ ನೀರು ಇವುಗಳನ್ನು ಔಷಧಿಯ ಖರ್ಚಿನಲ್ಲಿಯೇ ಸೇರಿಸಿ ಬರೆಯಿರಿ.

ಒಂದು ಸುಲಭ ಕೆಲಸವಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ ಕಂತಿಗೆ, 18ರಿಂದ 70 ವರ್ಷದ ಖಾತೆದಾರರಿಗೆ, ಅಪಘಾತದಿಂದ ಸಾವಾದರೆ 2 ಲಕ್ಷ ರೂಪಾಯಿ ವಿಮೆ ಇದೆ. ನಿಮ್ಮಲ್ಲಿ ಕಾಯಂ ಆಗಿ ದುಡಿಯುವವರ ಕಂತನ್ನು ನೀವೇ ಕಟ್ಟಿಸಿ. ಹತ್ತು ಜನಕ್ಕೆ 200 ರೂಪಾಯಿ. ಇದರಿಂದ ನಿಮ್ಮ ಹೊಣೆ ತೀರುವುದಿಲ್ಲ, ಆದರೆ ಆ ಮನೆಗೆ ಮೊದಲ ವಾರದಲ್ಲಿ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಪ್ರತ್ಯೇಕವಾಗಿದೆ, ವಿಚಾರಿಸಿ. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನೂ ಅವರಿಗೆ ಮಾಡಿಸಿಕೊಡಿ.

ಲೆಕ್ಕದ ಪುಸ್ತಕ

ಸಣ್ಣ ರೈತರಿಗೆ ಒಂದು ರಿಯಾಯಿತಿ ಇದೆ. ಬೇಸಾಯಕ್ಕಾಗಿ ಐದು ಜನರಿಗಿಂತ ಹೆಚ್ಚು ಆಳುಗಳನ್ನು ಇಟ್ಟುಕೊಳ್ಳದವರು ಕಾಯಿದೆಯ ನಮೂನೆಯಲ್ಲಿ ರಿಜಿಸ್ಟರ್ ಇಡುವ, ವೇತನ ಚೀಟಿ ಕೊಡುವ ಅಗತ್ಯವಿಲ್ಲ. ಆದರೆ ಅಧಿಕಾರಿಗಳು ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ತಕ್ಕ ಪುರಾವೆ ಹಾಜರುಪಡಿಸಬೇಕು. ನಾಟಿಯ ದಿನ ಹದಿನೈದು ಜನರನ್ನು ಗದ್ದೆಗಿಳಿಸುವವರು ಈ ರಿಯಾಯಿತಿಯನ್ನು ನಂಬಿ ಕೂರಬಾರದೆಂಬುದು ನನ್ನ ಅಭಿಪ್ರಾಯ. ಕೂಲಿ ಬಂದಿಲ್ಲವೆಂದು ಕಾರ್ಮಿಕನು ಮೂರು ವರ್ಷದವರೆಗೆ ಅರ್ಜಿ ಹಾಕಬಹುದು. ಹಿಂದೆ ಕನಿಷ್ಠ ಕೂಲಿ ಕಾಯಿದೆಯಲ್ಲಿ ಇದು ಆರು ತಿಂಗಳಿತ್ತು. ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕನದೇ. ತೋರಿಸಲಾರದಿದ್ದರೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ಕಡಿಮೆ ಕೊಟ್ಟದ್ದಕ್ಕೆ ದಂಡ ಬೇರೆ, 50,000 ರೂಪಾಯಿವರೆಗೆ. ಕೊಟ್ಟೂ ಬರೆಯದವನು ಕೊಡದವನ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ.

ನೂರು ಹಾಳೆಯ ಸಾಧಾರಣ ನೋಟ್ ಪುಸ್ತಕ ಸಾಕು. ತಾರೀಖು, ಹೆಸರು, ಯಾವ ತಾಕಿನಲ್ಲಿ ಯಾವ ಕೆಲಸ, ಬಂದ ಹೊತ್ತು, ಹೋದ ಹೊತ್ತು, ದರ, ಮುಂಗಡಕ್ಕೆ ಮುರಿದದ್ದು, ಕೈಗೆ ಕೊಟ್ಟದ್ದು, ಸಹಿ. ಸಹಿ ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ಓದು ಬಲ್ಲ ಮತ್ತೊಬ್ಬ ಆಳಿನಿಂದ ಗಟ್ಟಿಯಾಗಿ ಓದಿಸಿ. ಮುಂಗಡ ಇರುವವರಿಗೆ ಅದೇ ಲೆಕ್ಕದ ಇನ್ನೊಂದು ಪ್ರತಿ ಅವರ ಮನೆಯಲ್ಲಿಯೂ ಇರಲಿ. ಅವರ ಮಗಳೋ ಮಗನೋ ಶಾಲೆಗೆ ಹೋಗುತ್ತಿದ್ದರೆ ಬರೆಯಲು ಅವರನ್ನೇ ಕೂರಿಸಿ.

ಈ ಪುಸ್ತಕದ ಉಪಯೋಗ ಕಾಯಿದೆಗೆ ಮಾತ್ರವಲ್ಲ, ಇದು ಬೇಸಾಯದ ಮಾತೂ ಹೌದು. ಯಾವ ತಾಕಿಗೆ ಎಷ್ಟು ಆಳು ಹೋಯಿತೆಂದು ಗೊತ್ತಾದ ಮೇಲೆ ಎಲ್ಲಿ ಕಡಿಮೆ ಮಾಡಬಹುದೆಂಬುದೂ ಕಾಣುತ್ತದೆ. ರಾಗಿಗೆ ಮೊದಲ ನಾಲ್ಕೈದು ವಾರ ಕಳೆಯ ಪೈಪೋಟಿ ಹೆಚ್ಚು. ಕೂರಿಗೆಯಲ್ಲಿ ಸಾಲು ಬಿತ್ತಿ, ಮೂರನೆಯ ವಾರ ಹದ ನೋಡಿ ಎಡೆಕುಂಟೆ ಹೊಡೆದರೆ ಸಾಲಿನೊಳಗಿನ ಕಳೆಗೆ ಮಾತ್ರ ಆಳು ಬೇಕು. ಚೆಲ್ಲಿ ಬಿತ್ತಿದ ಹೊಲದಲ್ಲಿ, ಅದೂ ಹದಿನೈದು ದಿನ ತಡವಾದರೆ, ಆರು ಆಳಿನ ಕೆಲಸ ಹನ್ನೆರಡು ಆಳಿಗೆ ಏರುವುದನ್ನು ನಾನು ನೋಡಿದ್ದೇನೆ. ಕೂಲಿಯ ದರವನ್ನು ನಾವು ಇಳಿಸುವಂತಿಲ್ಲ, ಇಳಿಸಲೂಬಾರದು. ಆಳಿನ ಸಂಖ್ಯೆಯನ್ನು ಇಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಹನ್ನೆರಡು ಜನಕ್ಕೆ ಮನಸ್ಸಿಲ್ಲದೆ ಕೊಡುವುದನ್ನು ಏಳು ಜನಕ್ಕೆ ಮನಸ್ಸಿಟ್ಟು ಕೊಡಬಹುದು. ಆ ಏಳು ಜನ ಮುಂದಿನ ವರ್ಷವೂ ನಿಮ್ಮ ಹೊಲಕ್ಕೇ ಬರುತ್ತಾರೆ. ಮೊಂಡು ಕುಡುಗೋಲು ಕೊಟ್ಟು, ಕುಡಿಯಲು ನೀರಿಡದೆ, ಬದುವಿನ ಮೇಲೆ ನಿಂತು ಕೂಗಾಡಿದರೆ ಬರುವುದಿಲ್ಲ. ಅದಕ್ಕೆ ಯಾವ ಸಂಹಿತೆಯೂ ಬೇಕಿಲ್ಲ.

ಚಹಾ ಹೊತ್ತಿನಲ್ಲಿ ಕೇಳಿದ ಹಿರಿಯರದು ಮತ್ತೊಂದು ಪ್ರಶ್ನೆಯಿತ್ತು: ಹಳೆಯ ಮುಂಗಡದ ಲೆಕ್ಕವೇ ಬರೆದಿಲ್ಲ, ಈಗ ಎಲ್ಲಿಂದ ಶುರು ಮಾಡುವುದು ಎಂದು. ಅವನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಇಬ್ಬರಿಗೂ ನೆನಪಿರುವುದನ್ನು ಬರೆಯಿರಿ. ನಿಮ್ಮ ನೆನಪಿಗೂ ಅವರ ನೆನಪಿಗೂ ವ್ಯತ್ಯಾಸ ಬಂದ ಕಡೆ ಅವರು ಹೇಳಿದ್ದನ್ನೇ ಹಿಡಿಯಿರಿ. ಬರೆದಿಡಬೇಕಾಗಿದ್ದವರು ನೀವು. ದುಡಿದ ದಿನಗಳನ್ನು ಪೂರ್ತಿ ದರದಲ್ಲಿ ಕಟ್ಟಿ ನೋಡಿ. ಬಹಳ ಮನೆಗಳಲ್ಲಿ ಬಾಕಿ ಉಳಿದಿರುವುದಿಲ್ಲ, ನಮ್ಮ ಮನೆಯಲ್ಲಿ ಉಳಿದಿರಲಿಲ್ಲ.

ಪುಸ್ತಕದ ಮಾದರಿ ಹಾಳೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದೆ. ಊಟಕ್ಕೆ ಹೋಗುವಾಗ ಒಬ್ಬೊಬ್ಬರು ಎರಡೆರಡು ತೆಗೆದುಕೊಳ್ಳಿ, ಒಂದು ನಿಮಗೆ, ಒಂದು ನಿಮ್ಮ ಆಳಿಗೆ.